ಸುಮೇರಿಯನ್ ಲೈರ್‌ವಾದ್ಯಗಳ ಲೋಹಕೆಲಸ: ಒಂದು ಮರುಪರಿಶೀಲನೆ

ದಕ್ಷಿಣ ಇರಾಕಿನ ಪ್ರಾಚೀನ ಊರ್ ನಗರದ ರಾಜಸಮಾಧಿಗಳನ್ನು ಲಿಯೊನಾರ್ಡ್ ವೂಲಿ 1920ರ ದಶಕದ ಕೊನೆಯಲ್ಲಿ ಅಗೆಸಿದಾಗ ದೊರೆತ ತಂತಿವಾದ್ಯಗಳು ಸುಮಾರು 4,500 ವರ್ಷ ಹಳೆಯವು. ಅನುನಾದ ಪೆಟ್ಟಿಗೆ, ಅದರಿಂದ ಮೇಲೆದ್ದ ಎರಡು ತೋಳು, ತೋಳುಗಳನ್ನು ಕೂಡಿಸುವ ಅಡ್ಡಪಟ್ಟಿ, ನಡುವೆ ತಂತಿಗಳು - ಇದು ಲೈರ್‌ನ ರಚನೆ. ಪೆಟ್ಟಿಗೆಯ ಮುಂದೆ ಹಲವು ವಾದ್ಯಗಳಲ್ಲಿ ಚಿನ್ನದ ಇಲ್ಲವೆ ಬೆಳ್ಳಿಯ ಗೂಳಿಯ ತಲೆಯಿದೆ. ಕಲಾಚರಿತ್ರೆಯ ಗ್ರಂಥಗಳು ಆ ತಲೆಯನ್ನಷ್ಟೇ ಪ್ರತ್ಯೇಕಿಸಿ 'ಅಲಂಕಾರ'ವೆಂದು ವರ್ಣಿಸುವುದುಂಟು. ಈ ಪದ ವಾದ್ಯವನ್ನೇ ಮರೆಮಾಡಿದೆ ಎಂಬುದು ನನ್ನ ಆಕ್ಷೇಪ.

ಹೀಗಾಗಲು ಕಾರಣ ಮಣ್ಣಿನಲ್ಲಿದೆ. ಮರ ಕೊಳೆತುಹೋಯಿತು, ಲೋಹ, ಚಿಪ್ಪು, ನೀಲಿ ಲಾಜವರ್ದ ಕಲ್ಲು ಉಳಿದವು. ಮರ ಕರಗಿದ ಪೊಳ್ಳಿನೊಳಗೆ ವೂಲಿ ಪ್ಲಾಸ್ಟರ್ ಸುರಿಸಿ ವಾದ್ಯದ ಆಕಾರವನ್ನು ಉಳಿಸಿಕೊಂಡದ್ದು ಉತ್ಖನನ ಚರಿತ್ರೆಯ ಅಪೂರ್ವ ಜಾಣ್ಮೆ. ಆದರೂ ರಾಣಿ ಪುಆಬಿಯ ಸಮಾಧಿಯ ಹಾರ್ಪ್ ಮತ್ತು ಲೈರ್‌ಗಳ ಭಾಗಗಳು ಸೇರಿ ಒಂದೇ ವಾದ್ಯವಾಗಿ ನಿಂತಿದ್ದವು. ಬ್ರಿಟಿಷ್ ಮ್ಯೂಸಿಯಂ ಅದನ್ನು ಸರಿಪಡಿಸಿದ್ದು 1970ರ ದಶಕದ ಆರಂಭದಲ್ಲಿ.

ಅದೇ ಮ್ಯೂಸಿಯಂನಲ್ಲಿರುವ ಬೆಳ್ಳಿಯ ಲೈರನ್ನು ನೋಡಬೇಕು. ಮರದ ಇಡೀ ಒಡಲಿಗೆ ಬೆಳ್ಳಿತಗಡು ಹೊದಿಸಿ ಸಣ್ಣ ಬೆಳ್ಳಿ ಮೊಳೆಗಳಿಂದ ಬಿಗಿಯಲಾಗಿದೆ. ಅಡ್ಡಪಟ್ಟಿಯ 11 ಬೆಳ್ಳಿ ಕೊಳವೆಗಳು ಶ್ರುತಿ ಮಾಡುವ ಬಿರಟೆಗಳು. ತಂತಿಗಳೆಷ್ಟು ಎಂಬುದನ್ನು ಇಂದು ಹೇಳುತ್ತಿರುವುದು ಈ ಲೋಹವೇ. ಇಲ್ಲಿ ಅಲಂಕಾರ ಎಲ್ಲಿ ಮುಗಿದು ಉಪಯೋಗ ಎಲ್ಲಿ ತೊಡಗುತ್ತದೆ?

ಇನ್ನು ಗೂಳಿಯ ವಿಚಾರ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮ್ಯೂಸಿಯಂನಲ್ಲಿರುವ ದೊಡ್ಡ ಲೈರ್‌ನ ಚಿನ್ನದ ಮುಖಕ್ಕೆ ಲಾಜವರ್ದದ ಗಡ್ಡವಿದೆ. ಗಡ್ಡವಿರುವ ಗೂಳಿ ಹಟ್ಟಿಯ ಪ್ರಾಣಿಯಲ್ಲ. ಮುಖದ ಹಿಂದಿನ ಪೆಟ್ಟಿಗೆ ಅದರ ಮೈ. ಅಲ್ಲಿಂದ ಹೊರಡುವ ನಾದ ಅದರ ಗುಟುರು. ಊರ್‌ನ ಸಮಾಧಿಗಳಿಗಿಂತ ಕೆಲವು ಶತಮಾನಗಳಷ್ಟು ಈಚಿನ ಗುಡೇಯ ದೊರೆಯ ದೇವಾಲಯ ನಿರ್ಮಾಣದ ಶಾಸನಕಾವ್ಯದಲ್ಲಿ 'ಬಲಗ್' ವಾದ್ಯದ ಕೋಣೆಯನ್ನು ಗುಟುರು ಹಾಕುವ ಗೂಳಿಯೊಂದಿಗೆ ಸಮೀಕರಿಸಲಾಗಿದೆ. ಬಲಗ್ ತಂತಿವಾದ್ಯವೋ ಚರ್ಮವಾದ್ಯವೋ ಎಂಬ ಚರ್ಚೆ ವಿದ್ವಾಂಸರಲ್ಲಿದ್ದರೂ ನಾದವನ್ನು ಗೂಳಿಯ ದನಿಯಾಗಿ ಕೇಳುವ ಕಲ್ಪನೆ ಸ್ಪಷ್ಟವಿದೆ. ದೊಡ್ಡ ಲೈರ್‌ನ ಗಡ್ಡದ ಕೆಳಗಿನ ಚಿಪ್ಪಿನ ಫಲಕದಲ್ಲಿ ಕತ್ತೆಯೊಂದು ಗೂಳಿತಲೆಯ ಲೈರನ್ನೇ ನುಡಿಸುತ್ತಿದೆ, ಕರಡಿ ಅದನ್ನು ಆತುಕೊಂಡಿದೆ. ವಾದ್ಯ ತನ್ನನ್ನೇ ಹಾಸ್ಯದಲ್ಲಿ ತೋರಿಸಿಕೊಂಡ ಈ ಚಿತ್ರ ಜಾನಪದ ಅಧ್ಯೇತರ ಗಮನವನ್ನು ಇನ್ನೂ ಹೆಚ್ಚು ಬೇಡುತ್ತದೆ.

ಬೆಳ್ಳಿಯ ಲೈರ್ ದೊರೆತ 'ಮಹಾ ಮೃತ್ಯುಕೂಪ'ದಲ್ಲಿ 68 ಸ್ತ್ರೀಯರ, 6 ಪುರುಷರ ಅಸ್ಥಿಗಳಿದ್ದವು. ಅವರು ವಿಷ ಕುಡಿದು ಶಾಂತವಾಗಿ ಮಲಗಿದರೆಂದು ವೂಲಿ ಊಹಿಸಿದ್ದರು. ಓದುಗರೂ ಅದನ್ನು ಬಹುಕಾಲ ಒಪ್ಪಿದರು. ಊರ್‌ನ ಸಮಾಧಿಗಳ ಎರಡು ತಲೆಬುರುಡೆಗಳ ಸಿ.ಟಿ. ಸ್ಕ್ಯಾನ್ ಆಧರಿಸಿ 2011ರಲ್ಲಿ ಪ್ರಕಟವಾದ ಅಧ್ಯಯನ ತಲೆಗೆ ಬಿದ್ದ ಪೆಟ್ಟನ್ನು ಗುರುತಿಸಿದೆ. ಬೆಳ್ಳಿ ಬಿರಟೆಗಳನ್ನು ತಿರುಗಿಸಿದ ಬೆರಳುಗಳು ಈ ಸ್ತ್ರೀಯರಲ್ಲಿ ಯಾರದ್ದಾದರೂ ಆಗಿದ್ದಿರಬಹುದು. ಲೋಹಕೆಲಸದ ವಿವರಣೆಯಲ್ಲಿ ಅವರಿಗೊಂದು ವಾಕ್ಯವಾದರೂ ಸಲ್ಲಬೇಕಿತ್ತು.