ಕೈ ನಿಧಾನ, ಕಣ್ಣು ಚುರುಕು

ನಲವತ್ತರ ಆಸುಪಾಸಿನ ಗೇಮರ್‌ಗಳು ಇಬ್ಬರು ಸೇರಿದರೆ ಈಗ ಮಾತು ಹೊಸ ಆಟದ ಸುತ್ತ ತಿರುಗುವುದಿಲ್ಲ, ಆಡದೇ ಉಳಿದ ಆಟಗಳ ಸುತ್ತ ತಿರುಗುತ್ತದೆ. ಸ್ಟೀಮ್ ಖಾತೆಯಲ್ಲಿ ಸೇಲ್‌ನಲ್ಲಿ ಕೊಂಡ ಆಟಗಳ ರಾಶಿ. ಅರ್ಧಕ್ಕರ್ಧ ಒಮ್ಮೆಯೂ ತೆರೆದಿಲ್ಲ. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಒಂದನ್ನು ತೆರೆದರೆ ಮೊದಲು ದೊಡ್ಡದೊಂದು ಅಪ್‌ಡೇಟ್, ಆಮೇಲೆ ಕಂಪನಿಗಳ ಲೋಗೋಗಳ ಮೆರವಣಿಗೆ, ಅದಾದ ಮೇಲೆ ನಡೆಯಲು ಈ ಬಟನ್, ಜಿಗಿಯಲು ಆ ಬಟನ್ ಎಂಬ ಬಾಲಪಾಠ. ಅಷ್ಟರಲ್ಲಿ ಆಕಳಿಕೆ. ಆಟ ಮುಚ್ಚಿ, ಅದೇ ಆಟವನ್ನು ಬೇರೆ ಯಾರೋ ಆಡುವುದನ್ನು ಯೂಟ್ಯೂಬಿನಲ್ಲಿ ನೋಡುತ್ತಾ ನಿದ್ದೆ. ಮರುದಿನ ಗೆಳೆಯನ ಮುಂದೆ ಷರಾ: ‘ವಯಸ್ಸಾಯ್ತು ಕಣೋ, ಮೊದಲಿನ ಇಂಟರೆಸ್ಟ್ ಇಲ್ಲ.’

ಈ ಷರಾಕ್ಕೆ ನನ್ನ ತಕರಾರಿದೆ. ವಯಸ್ಸು ಆಟಗಾರನ ಕೈಯನ್ನು ನಿಧಾನ ಮಾಡುತ್ತದೆ, ನಿಜ. ಆದರೆ ಅದೇ ಹೊತ್ತಿಗೆ ಅವನ ಕಣ್ಣನ್ನು ಚುರುಕು ಮಾಡುತ್ತದೆ. ಒಂದು ನಷ್ಟ, ಇನ್ನೊಂದು ಗಳಿಕೆ. ಎರಡರ ಪರಿಣಾಮವೂ ಮೇಲ್ನೋಟಕ್ಕೆ ಒಂದೇ ಥರ ಕಾಣುವುದರಿಂದ, ಎರಡನ್ನೂ ಒಂದೇ ಗಂಟಿಗೆ ಕಟ್ಟಿ ‘ಆಸಕ್ತಿ ಹೋಯಿತು’ ಎಂದು ಅಟ್ಟಕ್ಕೆ ಎಸೆಯುತ್ತಿದ್ದೇವೆ.

ಕೈಯ ವಿಷಯ ಮೊದಲು ಮುಗಿಸಿಬಿಡೋಣ, ಅಲ್ಲಿ ವಾದಕ್ಕೆ ಜಾಗವಿಲ್ಲ. ಕೆನಡಾದ ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದ ಸಂಶೋಧಕರು ‘ಸ್ಟಾರ್‌ಕ್ರಾಫ್ಟ್ 2’ ಆಡುವ 16ರಿಂದ 44 ವಯಸ್ಸಿನ 3,305 ಮಂದಿಯ ಆಟದ ದಾಖಲೆಗಳನ್ನು ಜಾಲಾಡಿ 2014ರಲ್ಲಿ ಪ್ರಕಟಿಸಿದರು. ಪರದೆಯ ಹೊಸ ಜಾಗಕ್ಕೆ ಹೋದ ಮೇಲೆ ಮೊದಲ ಆಜ್ಞೆ ಕೊಡಲು ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಅವರ ಅಳತೆಗೋಲು. ಇಳಿತ ಶುರುವಾಗುವುದು ನಲವತ್ತಕ್ಕಲ್ಲ, ಮೂವತ್ತಕ್ಕೂ ಅಲ್ಲ, 24ಕ್ಕೆ! ಪಳಗಿದ ಆಟಗಾರರಿಗೂ ಇದರಿಂದ ರಿಯಾಯಿತಿ ಸಿಕ್ಕಿರಲಿಲ್ಲ. ಈ ಸುದ್ದಿ ಹೊರಬಿದ್ದಾಗ ನನ್ನ ವಾರಿಗೆಯವರು ಸೂತಕದ ಮುಖ ಮಾಡಿಕೊಂಡರು. ಆದರೆ ಅದೇ ಲೇಖನದ ಉಳಿದ ಅರ್ಧ ಯಾರ ಬಾಯಲ್ಲೂ ಬರಲಿಲ್ಲ: ವಯಸ್ಸಾದವರು ಸರಳ ತಂತ್ರ ಹೂಡಿ, ಆಟದಲ್ಲೇ ಇರುವ ಅಡ್ಡದಾರಿಗಳನ್ನು ಚೆನ್ನಾಗಿ ಬಳಸಿ, ಕೈ ಕಳೆದುಕೊಂಡದ್ದನ್ನು ಸರಿದೂಗಿಸುತ್ತಿದ್ದರು.

ಕೈ ಸಾಲದಿದ್ದಾಗ ಅಡ್ಡದಾರಿ ಹಿಡಿಯುವುದು ಈ ಕಲೆಯಲ್ಲಿ ಹಳೆಯ ಸಂಪ್ರದಾಯ. ತೊಂಬತ್ತರ ದಶಕದಲ್ಲಿ ನಮ್ಮೂರುಗಳ ಟೀವಿಗೆ ‘ಸಮುರಾಯ್’ ಎಂಬ ಗೇಮ್ ಕನ್ಸೋಲ್ ಮತ್ತು ಅದರ ನಕಲಿನ ನಕಲುಗಳನ್ನು ಸಿಕ್ಕಿಸಿ, ‘9999 ಇನ್ 1’ ಎಂಬ ಮಹಾಸುಳ್ಳನ್ನು ಹಣೆಯಲ್ಲಿ ಬರೆದುಕೊಂಡ ಕ್ಯಾಸೆಟ್ಟಿಗೆ ಉಫ್ ಎಂದು ಊದಿ ಆಡಿದವರಿಗೆ ‘ಕಾಂಟ್ರಾ’ ಗೊತ್ತಿರಲೇಬೇಕು. ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ. ಮೂರು ಜೀವದ ಜಾಗದಲ್ಲಿ ಮೂವತ್ತು. ಆ ಮಂತ್ರವನ್ನು ಮೊದಲು ಹೆಣೆದವರು ಕೊನಾಮಿ ಕಂಪನಿಯ ಕಝುಹಿಸಾ ಹಶಿಮೊಟೊ, 1986ರಲ್ಲಿ, ‘ಗ್ರೇಡಿಯಸ್’ ಎಂಬ ಆಟಕ್ಕೆ. ಕಾರಣ ಬಹಳ ಸರಳ: ಆಟವನ್ನು ಪರೀಕ್ಷೆಗಾಗಿ ಕೊನೆಯತನಕ ಆಡಬೇಕಿತ್ತು, ಅದು ಅವರ ಕೈಗೆ ನಿಲುಕುತ್ತಿರಲಿಲ್ಲ. ಆಟ ಮಾಡುವವನಿಗೇ ಬೇಕಾದ ಊರುಗೋಲು ಅದು. ಈಗ ‘ಸೆಲೆಸ್ಟ್’ (2018) ಆಟದಲ್ಲಿ ವೇಗವನ್ನೇ ತಗ್ಗಿಸುವ ಅಸಿಸ್ಟ್ ಮೋಡ್ ಇದೆ. ‘ಹೇಡಿಸ್’ (2020) ಆಟದ ಗಾಡ್ ಮೋಡ್ ಹಾಕಿಕೊಂಡರೆ, ಸತ್ತಷ್ಟೂ ನಿಮ್ಮ ಮೈ ಗಟ್ಟಿಯಾಗುತ್ತಾ ಹೋಗುತ್ತದೆ. ಇವನ್ನು ಬಳಸಿದರೆ ಮರ್ಯಾದೆ ಹೋಯಿತು ಎನ್ನುವವರಿಗೆ ಹದಿನೇಳು ವಯಸ್ಸು. ಅವರ ಮಾತಿಗೆ ತಲೆ ಕೆಡಿಸಿಕೊಳ್ಳಬೇಡಿ.

ಈಗ ಕಣ್ಣಿಗೆ ಬರೋಣ. ‘ಅಲ್ಟಿಮಾ ಆನ್‌ಲೈನ್’ನ ಮುಖ್ಯ ವಿನ್ಯಾಸಕಾರ ರಾಫ್ ಕೋಸ್ಟರ್ ಆಟದ ಮಜಾ ಕುರಿತೇ ಒಂದು ಪುಸ್ತಕ ಬರೆದಿದ್ದಾರೆ. ಅವರ ವಾದದ ತಿರುಳು ಇಷ್ಟು: ಆಟದ ಖುಷಿ ಎಂದರೆ ಕಲಿಯುವ ಖುಷಿ, ಒಳಗಿನ ಮಾದರಿ ಪೂರ್ತಿ ಅರ್ಥವಾದ ಗಳಿಗೆಗೆ ಮೆದುಳು ಎದ್ದು ಹೊರಡುತ್ತದೆ. ಇದನ್ನು ಒಪ್ಪಿದರೆ, ಇಪ್ಪತ್ತೈದು ವರ್ಷ ಆಡಿದವನಿಗೆ ಬೇಗ ಬೇಸರ ಬರುವುದು ರೋಗವಲ್ಲ, ವಿದ್ಯೆ. 2007ರ ‘ಅಸಾಸಿನ್ಸ್ ಕ್ರೀಡ್’ನಲ್ಲಿ ಡಮಾಸ್ಕಸ್ಸಿನ ಗೋಪುರ ಹತ್ತಿ ಊರಿನ ನಕ್ಷೆ ಬಿಚ್ಚಿಕೊಂಡಾಗ ಮೈ ಜುಮ್ಮೆಂದಿತ್ತು. 2012ರ ‘ಫಾರ್ ಕ್ರೈ 3’ರಲ್ಲಿ ಅದು ರೇಡಿಯೊ ಗೋಪುರವಾಯಿತು. ಆಮೇಲೆ ಹತ್ತು ವರ್ಷ ಎಲ್ಲಿ ನೋಡಿದರೂ ಗೋಪುರ. ಹತ್ತು, ನಕ್ಷೆ ಬಿಚ್ಚು, ಅದರಲ್ಲಿ ಮೂಡಿದ ನೂರು ಗುರುತುಗಳನ್ನು ಒಂದೊಂದಾಗಿ ಒರೆಸು. ಹದಿನಾರರ ಹುಡುಗನಿಗೆ ಇದೇ ಮೊದಲ ಗೋಪುರ ಇರಬಹುದು, ಅವನು ಸುಖವಾಗಿ ಹತ್ತಲಿ. ನಿಮಗೆ ಮೊದಲ ಅರ್ಧ ಗಂಟೆಯಲ್ಲೇ ಮುಂದಿನ ಐವತ್ತು ಗಂಟೆ ಕಂಡುಬಿಡುತ್ತದೆ. ಕಂಡ ಮೇಲೆ ಆಡುವುದೇಕೆ?

ಆದರೆ 2017ರಲ್ಲಿ ಬಂದ ‘ಝೆಲ್ಡಾ: ಬ್ರೆತ್ ಆಫ್ ದಿ ವೈಲ್ಡ್’ನಲ್ಲೂ ಗೋಪುರಗಳಿವೆ, ಅಲ್ಲಿ ಬೇಸರವಿಲ್ಲ. ಯಾಕೆಂದರೆ ಮೇಲೆ ಹತ್ತಿದರೆ ನೆಲದ ಏರಿಳಿತವಷ್ಟೇ ಸಿಗುತ್ತದೆ, ಮಾಡಬೇಕಾದ ಕೆಲಸಗಳ ಪಟ್ಟಿ ಸಿಗುವುದಿಲ್ಲ. ನೀವೇ ನಿಂತು ದಿಟ್ಟಿಸಿ, ಅಗೋ ಅಲ್ಲೇನೋ ಹೊಗೆ, ಇಗೋ ಇಲ್ಲೊಂದು ವಿಚಿತ್ರ ಬಂಡೆ ಎಂದು ಗುರುತು ಹಾಕಿಕೊಳ್ಳಬೇಕು. ಕಣ್ಣಿಗೆ ಕೆಲಸ ಕೊಟ್ಟ ಆಟ ಅದು. ಯಾವ ಆಟ ಕಣ್ಣನ್ನು ನಂಬುತ್ತದೆ, ಯಾವುದು ಕಣ್ಣಿಗೆ ಪಟ್ಟಿ ಕಟ್ಟಿ ಕೈಹಿಡಿದು ನಡೆಸುತ್ತದೆ ಎಂಬ ವ್ಯತ್ಯಾಸ ನನಗೆ ಇಪ್ಪತ್ತರಲ್ಲಿ ತಿಳಿಯುತ್ತಿರಲಿಲ್ಲ, ಈಗ ನಾಲಿಗೆಗೆ ಉಪ್ಪು ತಿಳಿದಂತೆ ತಿಳಿಯುತ್ತದೆ. ಹಳೆಯವರಿಗೆ ಇದು ಗೊತ್ತಿತ್ತು. 1985ರ ಮಾರಿಯೊದ ಮೊದಲ ಹಂತದಲ್ಲಿ ಶಿಗೆರು ಮಿಯಾಮೊಟೊ ತಂಡ ಹೇಗೆ ಆಡಬೇಕೆಂದು ಒಂದಕ್ಷರವನ್ನೂ ಬರೆಯಲಿಲ್ಲ. ಎಡದಿಂದ ಬಲಕ್ಕೆ ನಡೆಯುತ್ತೀರಿ, ಎದುರಿಗೆ ಅಣಬೆಯಂಥ ಪ್ರಾಣಿ ಬರುತ್ತದೆ, ಸಾಯುತ್ತೀರಿ, ಮುಂದಿನ ಸಲ ಜಿಗಿಯುತ್ತೀರಿ. ಪಾಠ ಮುಗಿಯಿತು.

ಎಲ್ಲ ದೊಡ್ಡ ಆಟಗಳನ್ನೂ ಗುಡಿಸಿ ಹಾಕುತ್ತಿಲ್ಲ. ‘ರೆಡ್ ಡೆಡ್ ರಿಡೆಂಪ್ಷನ್ 2’ (2018), ರಾಕ್‌ಸ್ಟಾರ್‌ನ ಬೆಂಗಳೂರು ಸ್ಟುಡಿಯೊ ಕೂಡ ಕೈಜೋಡಿಸಿದ ಆಟ, ನನ್ನ ಪ್ರಕಾರ ನಡುವಯಸ್ಸಿನವರಿಗೇ ಹೇಳಿ ಮಾಡಿಸಿದ್ದು. ಮೊದಲ ಅಧ್ಯಾಯವಿಡೀ ಹಿಮದಲ್ಲಿ ಕಾಲೆಳೆಯುತ್ತದೆ. ಕಾಫಿ ಕುಡಿಯಲು ಒಂದು ಬಟನ್, ಕುದುರೆಯ ಮೈ ಉಜ್ಜಲು ಇನ್ನೊಂದು. ಹುಡುಗರು ತಾಳ್ಮೆಗೆಟ್ಟು ಬೈದರು. ಮುಗಿದುಹೋಗುತ್ತಿರುವ ಕಾಲದೊಳಗೆ ಒಬ್ಬ ಗಂಡಸು ನಿಧಾನವಾಗಿ ಎಚ್ಚರಾಗುವ ಕಥೆಗೆ ಆ ನಿಧಾನವೇ ಬೇಕು. ತೊಡಕಿರುವುದು ಬೇರೆ ಕಡೆ. ಆಫೀಸು, ಮಕ್ಕಳ ಪರೀಕ್ಷೆ, ಊರಿನ ಹಬ್ಬ ಮುಗಿಸಿ ಮೂರು ವಾರದ ಮೇಲೆ ಮತ್ತೆ ಕಂಟ್ರೋಲರ್ ಹಿಡಿದರೆ ಮಾತಾಡಿಸುವ ಬಟನ್ ಯಾವುದು, ಕೋವಿ ಗುರಿಯಿಡುವ ಬಟನ್ ಯಾವುದು ಎಂಬುದೇ ಮರೆತಿರುತ್ತದೆ. ವ್ಯಾಲೆಂಟೈನ್ ಊರಿನ ಬೀದಿಯಲ್ಲಿ ಯಾರಿಗೋ ನಮಸ್ಕಾರ ಹೇಳಲು ಹೋಗಿ ಎದೆಗೆ ಗುರಿಯಿಟ್ಟು, ಶೆರಿಫ್‌ನ ಕೈಗೆ ಸಿಕ್ಕಿಬೀಳುವುದು ನಮ್ಮ ವಯಸ್ಸಿನವರ ಸಾಮಾನ್ಯ ಪಾಡು. ಅರವತ್ತು ಗಂಟೆಯ ಆಟಗಳು ದಿನವೂ ಆಡುವವನನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ‘ಇಲ್ಲಿಯವರೆಗೆ ಏನಾಯಿತು, ಯಾವ ಬಟನ್ ಏನು’ ಎಂದು ಎರಡು ನಿಮಿಷದಲ್ಲಿ ನೆನಪಿಸುವ ಸೌಜನ್ಯ ಹೆಚ್ಚಿನವಕ್ಕೆ ಇಲ್ಲ. ಧಾರಾವಾಹಿಗಳಿಗೆ ಇದೆ!

ಮೊಬೈಲಿನ ಆಟಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ದಿನಾ ಹಾಜರಿ ಹಾಕಿದರೆ ಬಹುಮಾನ, ಸೀಸನ್ ಮುಗಿಯುವುದರೊಳಗೆ ಇಷ್ಟು ಗುರಿ ಮುಟ್ಟಬೇಕು ಎಂಬ ಬ್ಯಾಟಲ್ ಪಾಸ್. ಸಂಬಳವಿಲ್ಲದ ಇನ್ನೊಂದು ನೌಕರಿ. ಪಬ್‌ಜಿ 2020ರಲ್ಲಿ ನಿಷೇಧವಾಗಿ, 2021ರಲ್ಲಿ ಬಿಜಿಎಂಐ ಎಂಬ ಹೆಸರಲ್ಲಿ ಮರಳುವಷ್ಟರಲ್ಲಿ ನನಗೆ ಗೊತ್ತಿರುವ ಎಷ್ಟೋ ನಡುವಯಸ್ಕರು ಅದರ ಚಟದಿಂದ ತಾವಾಗಿಯೇ ಕಳಚಿಕೊಂಡಿದ್ದರು. ಅಂಥ ಆಸಕ್ತಿ ಹೋದರೆ ಹೋಗಲಿ, ಮನೆಗೆ ಕ್ಷೇಮ.

ವಯಸ್ಸಿಗೂ ಆಟಕ್ಕೂ ಹಗೆ ಇದೆ ಎಂಬ ನಂಬಿಕೆ ಹುಟ್ಟಿದ್ದು ಎಲ್ಲಿಂದಲೋ ಕಾಣೆ. ನಮ್ಮ ನೆಲದಿಂದಂತೂ ಅಲ್ಲ. ಅರಳಿಕಟ್ಟೆಯ ಇಸ್ಪೀಟು ಗುಂಪಿನಲ್ಲಿ ಎಪ್ಪತ್ತು ದಾಟಿದವರೇ ಹೆಚ್ಚು. ಮೈಸೂರಿನ ಅರಸರನ್ನೇ ನೋಡಿ. ಮುಮ್ಮಡಿ ಕೃಷ್ಣರಾಜ ಒಡೆಯರ್ ಅವರ ಆಡಳಿತವನ್ನು ಬ್ರಿಟಿಷರು 1831ರಲ್ಲಿ ಕಸಿದುಕೊಂಡರು. ಆಗ ಅವರಿಗೆ 37. ಆಮೇಲೆ 1868ರಲ್ಲಿ ತೀರಿಕೊಳ್ಳುವವರೆಗೆ, ಅಂದರೆ ಇನ್ನೂ 37 ವರ್ಷ, ಕೈಯಲ್ಲಿ ಅಧಿಕಾರವಿಲ್ಲ, ಹೊತ್ತು ಬೇಕಾದಷ್ಟು. ಅವರ ‘ಶ್ರೀತತ್ವನಿಧಿ’ಯ ಕೌತುಕನಿಧಿ ಎಂಬ ಭಾಗದಲ್ಲಿ ಆಟಗಳ ವಿವರಗಳಿವೆ. ಪಗಡೆ, ಗಂಜೀಫಾ, ಚದುರಂಗಗಳಿಗೆ ಹೊಸ ಹೊಸ ರೂಪ ಕೊಟ್ಟರು. ಚದುರಂಗದ ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ಒಗಟಿನ ಮೇಲೆ ಅವರಿಗಿದ್ದ ಮೋಹ ಪ್ರಸಿದ್ಧ. ಇದರಲ್ಲಿ ಬೆರಳಿನ ವೇಗದ ಪ್ರಶ್ನೆಯೇ ಇಲ್ಲ, ಪೂರ್ತಿ ಕಣ್ಣಿನ ಕೆಲಸ. ನಾನು ಕಂಡಂತೆ ನಮ್ಮ ನಾಡಿನ ಮೊದಲ ದೊಡ್ಡ ಗೇಮ್ ಡಿಸೈನರ್ ಅವರೇ, ಮತ್ತು ಅವರ ಹುಚ್ಚು ವಯಸ್ಸಾದಂತೆ ಇಳಿಯಲಿಲ್ಲ.

ವಿಡಿಯೊ ಗೇಮ್‌ಗಳಲ್ಲೇ ಉದಾಹರಣೆ ಬೇಕೆಂದರೆ ಜಪಾನಿನ ಹಮಾಕೊ ಮೋರಿ ಇದ್ದಾರೆ. 1930ರಲ್ಲಿ ಹುಟ್ಟಿ, ಐವತ್ತು ದಾಟಿದ ಮೇಲೆ ಆಡಲು ಶುರುಮಾಡಿ, ತೊಂಬತ್ತಕ್ಕೆ ಅತ್ಯಂತ ಹಿರಿಯ ಗೇಮಿಂಗ್ ಯೂಟ್ಯೂಬರ್ ಎಂದು ಗಿನ್ನೆಸ್ ಪುಸ್ತಕ ಸೇರಿದರು. ಅಮೆರಿಕದ ಶರ್ಲಿ ಕರಿ, 1936ರಲ್ಲಿ ಹುಟ್ಟಿದವರು, ‘ಸ್ಕೈರಿಮ್’ ಎಂಬ ಒಂದೇ ಆಟವನ್ನು ವರ್ಷಗಟ್ಟಲೆ ಆಡುತ್ತಾ ಲಕ್ಷಾಂತರ ಮಂದಿಗೆ ಅಜ್ಜಿಯಾದರು. ಅಜ್ಜಿ ಮಾಡಿದ್ದನ್ನು ಗಮನಿಸಿ: ವಾರಕ್ಕೊಂದು ಹೊಸ ಆಟದ ಹಿಂದೆ ಓಡಲಿಲ್ಲ. ಇಸ್ಪೀಟಿನವರೂ ಓಡುವುದಿಲ್ಲ. ಒಂದು ಸಲ ಕಲಿತ ನಿಯಮ ಬದುಕಿಡೀ ಬಾಳುತ್ತದೆ.

ಹಾಗಾದರೆ ಚುರುಕು ಕಣ್ಣಿಗೆ ಏನು ಬಡಿಸಬೇಕು? ನನ್ನ ಮೊದಲ ಉತ್ತರ ಯಾವತ್ತೂ ‘ರಿಟರ್ನ್ ಆಫ್ ದಿ ಓಬ್ರಾ ಡಿನ್’. ಲ್ಯೂಕಸ್ ಪೋಪ್ ಎಂಬ ಒಬ್ಬನೇ ಮನುಷ್ಯ ಹೆಚ್ಚುಕಡಿಮೆ ಏಕಾಂಗಿಯಾಗಿ ಮಾಡಿ 2018ರಲ್ಲಿ ಹೊರತಂದ ಆಟ. ಕಾಲ 1807. ಕಳೆದುಹೋಗಿದ್ದ ಈಸ್ಟ್ ಇಂಡಿಯಾ ಕಂಪನಿಯ ಹಡಗೊಂದು ಹೆಣಗಳನ್ನು ಹೊತ್ತು ಬಂದರಿಗೆ ತೇಲಿಬಂದಿದೆ. ನೀವು ಕಂಪನಿಯ ವಿಮಾ ಪರಿಶೀಲಕ. ಹಡಗಿನಲ್ಲಿದ್ದ 60 ಮಂದಿಯಲ್ಲಿ ಯಾರು ಯಾರು, ಯಾರು ಹೇಗೆ ಸತ್ತರು ಎಂದು ಪುಸ್ತಕ ತುಂಬಬೇಕು. ಒಂದು ಮಾಯದ ಗಡಿಯಾರ ಪ್ರತಿ ಸಾವಿನ ಕ್ಷಣವನ್ನು ನಿಶ್ಚಲವಾಗಿ ತೋರಿಸುತ್ತದೆ. ಅದರೊಳಗೆ ಓಡಾಡಿ ನೋಡಬೇಕು: ಇವನ ಬೂಟು ಎಂಥದು, ಅವನ ಉಚ್ಚಾರಣೆ ಯಾವ ದೇಶದ್ದು, ಆ ತೂಗುಮಂಚದ ನಂಬರ್ ಎಷ್ಟು, ಊಟದ ಮೇಜಿನಲ್ಲಿ ಯಾರ ಪಕ್ಕ ಯಾರು. ಸಿಬ್ಬಂದಿಯ ಪಟ್ಟಿಯಲ್ಲಿ ಭಾರತದವರೂ ಇದ್ದಾರೆ. ಮೂರು ಮಂದಿಯ ಗತಿ ಸರಿಯಾಗಿ ಬರೆದಾಗ ಮಾತ್ರ ಆಟ ಹೌದೆನ್ನುತ್ತದೆ, ಹಾಗಾಗಿ ಕುರುಡು ಊಹೆ ಹೆಚ್ಚು ದೂರ ಸಾಗದು. ಹಳೆಯ ಮ್ಯಾಕಿಂಟಾಷ್ ಪರದೆಯಂತೆ ಎರಡೇ ಬಣ್ಣ. ಎಲ್ಲೂ ಅವಸರವಿಲ್ಲ. ಇಪ್ಪತ್ತರ ಹುಡುಗ ಇದರಲ್ಲಿ ನಿಮಗಿಂತ ಮುಂದಿರಲು ಯಾವ ಕಾರಣವೂ ಇಲ್ಲ; ಮನುಷ್ಯರನ್ನು ಗಮನಿಸಿದ ವರ್ಷಗಳು ನಿಮ್ಮ ಪಾಲಿಗೇ ಹೆಚ್ಚು.

ಒಂದು ನಷ್ಟಕ್ಕೆ ಮಾತ್ರ ನನ್ನಲ್ಲಿ ಮದ್ದಿಲ್ಲ. ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ಕಾಸು ಕೊಟ್ಟು, ಆಚೀಚೆ ಕೂತು ‘ಕೌಂಟರ್‌ಸ್ಟ್ರೈಕ್’ನ ಡಸ್ಟ್ 2ರಲ್ಲಿ ಬೈದಾಡಿಕೊಂಡ ಐದು ಮಂದಿ ಈಗ ಐದು ಟೈಮ್‌ಝೋನ್‌ಗಳಲ್ಲಿದ್ದಾರೆ. ಕ್ಯಾಲೆಂಡರ್ ನೋಡಿ ಡಿಸ್ಕಾರ್ಡ್‌ನಲ್ಲಿ ಸೇರಿದರೆ ಆಟಕ್ಕಿಂತ ಅಪಾರ್ಟ್‌ಮೆಂಟ್ ಬೆಲೆಯ ಮಾತೇ ಹೆಚ್ಚು. ಆಗ ಆಡಿಸುತ್ತಿದ್ದದ್ದು ಆ ಸಹವಾಸ. ಅದು ಚದುರಿದ್ದಕ್ಕೆ ಆಟವನ್ನು ದೂರಿ ಫಲವಿಲ್ಲ, ವಯಸ್ಸನ್ನೂ. ಮನೆಯಲ್ಲಿ ಇನ್ನೊಬ್ಬರು ಒಪ್ಪಿದರೆ ‘ಇಟ್ ಟೇಕ್ಸ್ ಟು’ (2021) ಹಾಕಿ ನೋಡಿ, ಇಬ್ಬರಿಲ್ಲದೆ ಅದನ್ನು ಆಡಲು ಬರುವುದೇ ಇಲ್ಲ.

ಮುಂದಿನ ಸೇಲ್ ಬಂದಾಗ ಮತ್ತೆ ಹತ್ತು ಆಟ ಬುಟ್ಟಿಗೆ ಹಾಕಬೇಡಿ. ಒಂದೇ ಒಂದು ಕೊಳ್ಳಿ, ಅದೇ ವಾರ ತೆರೆಯಿರಿ. ಕಣ್ಣು ಒಲ್ಲೆ ಎಂದರೆ ಅದರ ಮಾತು ಕೇಳಿ. ಕೊಂಡು 14 ದಿನ ದಾಟದ, 2 ಗಂಟೆಗಿಂತ ಕಡಿಮೆ ಆಡಿದ ಆಟಕ್ಕೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ.