ಕ್ಯಾಮೆರಾ ಕಾಣದ ಆರು ವಾರಗಳು



ಮಿದುಳಿನ ಕ್ಯಾನ್ಸರಿಗೆ ತುತ್ತಾದವರ ಮನೆಯ ನೆರವಿಗಾಗಿ ತಯಾರಾಗುವ ಕಿರುಚಿತ್ರಗಳನ್ನು ನೀವೂ ನೋಡಿರುತ್ತೀರಿ. ಬ್ಯಾಂಡೇಜು ಸುತ್ತಿದ ತಲೆ, ಅಳುವ ತಾಯಿ, ಹಿನ್ನೆಲೆಯಲ್ಲಿ ಕೊಳಲು, ಕೊನೆಗೆ ಬ್ಯಾಂಕ್ ಖಾತೆಯ ಸಂಖ್ಯೆ. ಉದ್ದೇಶ ಒಳ್ಳೆಯದೇ. ಆದರೆ ಈ ಚಿತ್ರಗಳಲ್ಲಿ ಆ ಕುಟುಂಬದ ಬದುಕು ಕಾಣುತ್ತದೆಯೇ?

ಕ್ಯಾನ್ಸರನ್ನು ನೋಡುವ ನಮ್ಮ ಕಣ್ಣನ್ನು ತಿದ್ದಿದ್ದು ಕಥಾಚಿತ್ರಗಳು. ಹೃಷಿಕೇಶ ಮುಖರ್ಜಿಯವರ 'ಆನಂದ್' (1971), ಶಂಕರನಾಗ್ ಅವರ 'ಗೀತಾ' (1981) ಕಲೆಯಾಗಿ ಗೆದ್ದ ಚಿತ್ರಗಳು. ಆದರೆ ಆನಂದನಿಗೆ ತನ್ನವರೆಂಬುವರೇ ಇಲ್ಲ. ಹೀಗಾಗಿ ಮನೆಮಂದಿ ಹೊರುವ ಭಾರ, ಸಾಲದ ಲೆಕ್ಕ ಆ ಕಥೆಯೊಳಗೆ ಬರುವುದಿಲ್ಲ.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಬಡ ಮನೆಗಳಿಗೆ ಆ ಲೆಕ್ಕವೇ ಕಥೆ. ಗ್ಲಿಯೋಬ್ಲಾಸ್ಟೋಮಾದಂಥ ಉಗ್ರ ಗಡ್ಡೆಗೆ ಶಸ್ತ್ರಚಿಕಿತ್ಸೆಯ ಬಳಿಕ ಸಾಮಾನ್ಯವಾಗಿ ಆರು ವಾರ, ವಾರಕ್ಕೆ 5 ದಿನ ವಿಕಿರಣ ಚಿಕಿತ್ಸೆ ನಡೆಯುತ್ತದೆ. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ವಿಜಯಪುರದಿಂದ 500 ಕಿಲೋಮೀಟರಿಗೂ ದೂರ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯನ್ನು ಒದಗಿಸುತ್ತದೆ. ಆದರೆ ತಪ್ಪಿದ ಕೂಲಿಯನ್ನು, ಬಾಡಿಗೆ ಕೋಣೆಯ ಖರ್ಚನ್ನು ತುಂಬಿಕೊಡುವವರು ಯಾರು? ಇಂಡಿಯ ಲಿಂಬೆ ತೋಟಕ್ಕೆ ನೀರು ಬಿಡುವವರಾರು? ಸಿಂದಗಿಯಲ್ಲಿ ತೊಗರಿ ರಾಶಿ ಮಾಡುವವರಾರು? ಕ್ಯಾಮೆರಾ ಹೋಗಬೇಕಾದದ್ದು ಅಲ್ಲಿಗೆ.

ಇನ್ನೊಂದು ಮಾತು. ಮಿದುಳಿನ ಗಡ್ಡೆ ತಾನು ಬೆಳೆದ ಜಾಗಕ್ಕನುಸಾರ ಮಾತು, ನೆನಪು, ಸ್ವಭಾವಗಳನ್ನೇ ಕದಡಬಹುದು. ಮೃದುವಾಗಿದ್ದ ತಂದೆ ಸಿಡುಕನಾಗಬಹುದು. ಅಂಥವನನ್ನು ಚಿತ್ರಿಸಿ 'ಒಪ್ಪಿಗೆ ಪಡೆದಿದ್ದೇವೆ' ಎನ್ನುವುದು ಹೇಗೆ? ಹೆಂಡತಿಯ ಬಾಯಿಂದ ಹೂಂ ಎನಿಸಿದ್ದು ಹಣದ ಅಡಚಣೆಯೂ ಆಗಿರಬಹುದು. ಅವನು ತೀರಿಕೊಂಡ ಮೇಲೂ ಆ ದೃಶ್ಯ ಅವನ ಮಕ್ಕಳ ಸಹಪಾಠಿಗಳ ಮೊಬೈಲಿನಲ್ಲಿ ಉಳಿಯುತ್ತದೆ.

ಕಣ್ಣೀರು ತೋರಿಸದೆ ಹಣ ಕೂಡದು ಎನ್ನುವವರಿದ್ದಾರೆ. ಆದರೆ ಎಷ್ಟು ಬೇಕು, ಯಾವುದಕ್ಕೆ, ಎಷ್ಟು ದಿನಕ್ಕೆ ಎಂದು ನೇರವಾಗಿ ಹೇಳುವ ಚಿತ್ರ ನೋಡುಗನ ಕನಿಕರವನ್ನಷ್ಟೇ ಅಲ್ಲ, ವಿವೇಕವನ್ನೂ ನಂಬುತ್ತದೆ. ಬಸವಣ್ಣನವರ ಜನ್ಮಸ್ಥಳವೆಂದು ಹೆಸರಾದ ಬಾಗೇವಾಡಿಯ ಸೀಮೆಗೆ ದಾಸೋಹ ಹೊಸದಲ್ಲ. ದಾಸೋಹದ ಪಂಕ್ತಿಯಲ್ಲಿ ಕುಳಿತವನು ತನ್ನ ಹಸಿವನ್ನು ಪ್ರದರ್ಶಿಸಬೇಕಾಗಿಲ್ಲ.

ಇಂಥ ಚಿತ್ರ ನಿಮ್ಮ ಕೈಗೆ ಬಂದಾಗ, ವಿಚಾರಿಸಿ, ಕೈಲಾದಷ್ಟು ಕೊಡಿ. ಆದರೆ ಇನ್ನೊಬ್ಬರಿಗೆ ಕಳುಹಿಸುವ ಮುನ್ನ ಒಮ್ಮೆ ಕೇಳಿಕೊಳ್ಳಿ: ಆ ಹಾಸಿಗೆಯಲ್ಲಿ ಮಲಗಿದವರು ನಮ್ಮ ಮನೆಯವರಾಗಿದ್ದರೆ, ಇದನ್ನು ಊರಿಗೆಲ್ಲ ತೋರಿಸಲು ನಾವು ಒಪ್ಪುತ್ತಿದ್ದೆವೇ?