ಹಿಟ್ಟಿನ ಕೋಳಿ ಮತ್ತು ಹಿತ್ತಲ ಹಕ್ಕಿ

ಜನ್ನಕವಿಯ ‘ಯಶೋಧರ ಚರಿತೆ’ಯನ್ನು (ಕ್ರಿ.ಶ. 1209) ಕುರಿತ ವಿಮರ್ಶೆ ಬಹುಮಟ್ಟಿಗೆ ಹಿಟ್ಟಿನ ಕೋಳಿಯ ಸುತ್ತಲೇ ನಡೆಯುತ್ತದೆ. ಜೀವವಿಲ್ಲದ ಕೋಳಿಯನ್ನು ಬಲಿಯಿತ್ತ ಯಶೋಧರನೂ ತಾಯಿ ಚಂದ್ರಮತಿಯೂ ಸಂಕಲ್ಪಹಿಂಸೆಯಿಂದಲೇ ಭವಭವಗಳಲ್ಲಿ ತೊಳಲಿದರು. ಕಾವ್ಯದ ಮುಖ್ಯ ಬೋಧೆ ಇದೇ ಎಂಬುದರಲ್ಲಿ ಸಂದೇಹವಿಲ್ಲ.

ಆದರೆ ಅಷ್ಟೇ ಮಹತ್ವದ ಇನ್ನೊಂದು ಪ್ರಸಂಗವಿದೆ. ಆ ಜೀವಗಳೆರಡೂ ಕೋಳಿಗಳಾಗಿ ಜನಿಸಿ, ಮುನಿಯ ಉಪದೇಶ ಕೇಳಿ ಹರ್ಷದಿಂದ ಕೂಗುತ್ತವೆ. ರಾಜ ಯಶೋಮತಿ ರಾಣಿಯೆದುರು ಶಬ್ದವೇಧಿ ವಿದ್ಯೆಯನ್ನು ಮೆರೆಸಲು ಬಾಣ ಬಿಡುತ್ತಾನೆ. ಕಾಣದೆ ಕೊಂದದ್ದು ತನ್ನ ತಂದೆಯನ್ನು, ಅಜ್ಜಿಯನ್ನು! ಪ್ರದರ್ಶನದ ಆಸೆ ಮತ್ತು ನೋಡದಿರುವ ಪ್ರಮಾದ, ಇವೆರಡೂ ಅಲ್ಲಿ ಕೂಡಿವೆ.

ಇಂದಿನ ಪಕ್ಷಿದಾನಕ್ಕೆ ಈ ಪ್ರಸಂಗವೇ ಕನ್ನಡಿ. ಕಲಬುರಗಿಯ ಬಿರುಬೇಸಗೆಯಲ್ಲಿ ಮಾಳಿಗೆಯ ಮೇಲೆ ಜೋಳ, ನೀರು ಇಡುವ ಶ್ರಾವಕರ ಕರುಣೆ ಶ್ಲಾಘ್ಯ. ಆದರೆ ಕಾಳಿನಲ್ಲಿ ಹುಳು ಬಿದ್ದು, ನೀರಿನಲ್ಲಿ ಸೊಳ್ಳೆಮರಿ ಹುಟ್ಟಿದರೂ ಇಟ್ಟವರು ನೋಡದಿದ್ದರೆ ಅದು ದಯೆಯಾಗದು. ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ತೋಟಗಳಲ್ಲಿ ಬಾಳೆಹೂವಿನ ಮಕರಂದಕ್ಕೆ ಬರುವ ಸೂರಕ್ಕಿಗೆ ಕಾಳು ಬೇಡ. ಗುಬ್ಬಿ ತಾನು ಕಾಳು ತಿಂದರೂ ಮರಿಗೆ ಉಣಿಸುವುದು ಹುಳುವನ್ನು. ಒಂದು ಕೈಯಿಂದ ಕಾಳು ಚೆಲ್ಲಿ, ಇನ್ನೊಂದರಿಂದ ಕೀಟನಾಶಕ ಸಿಂಪಡಿಸುವ ತೋಟದಲ್ಲಿ ಆ ಮರಿಗಳ ಗತಿಯೇನು?

ದಾನಕ್ಕೆ ಮೊದಲು ದರ್ಶನ ಬೇಕು. ಬಸದಿಯ ಟ್ರಸ್ಟುಗಳು ದಾನಿಗಳ ಹೆಸರಿನ ಫಲಕಕ್ಕಿಂತ ಮುಂಚೆ, ಪಾತ್ರೆಯನ್ನು ನಿತ್ಯ ತೊಳೆದು, ಸೋಸಿದ ನೀರು ತುಂಬಿ, ದೂರ ನಿಂತು ಬಂದ ಹಕ್ಕಿಯನ್ನು ಗಮನಿಸುವ ವ್ಯವಸ್ಥೆ ಮಾಡಲಿ. ಜನ್ನನನ್ನು ಓದಿದ ಸಮಾಜಕ್ಕೆ ಇದು ಹೊಸ ಪಾಠವೇನೂ ಅಲ್ಲ.